ಮಕ್ಕಳ ಜೊತೆ ಒಂದು ವರ್ಷ ಹಾಯಿದೋಣಿಯಲ್ಲಿ: ಇದ್ದು ಬಂದವರು ದಯವಿಟ್ಟು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಇರೋದು ಫ್ಲೋರಿಡಾದ ಟ್ಯಾಂಪಾ ಹತ್ತಿರ, ಬಂದು ಹನ್ನೊಂದು ವರ್ಷ ಆಯಿತು. ಊರು ಶಿವಮೊಗ್ಗ. ಮಗಳಿಗೆ 9, ಮಗನಿಗೆ 5. ನಮ್ಮ ಯಜಮಾನರಿಗೆ ಆರು ವರ್ಷದಿಂದ ಸೈಲಿಂಗ್ ಹುಚ್ಚು. ಶನಿವಾರ ಭಾನುವಾರ ಸ್ನೇಹಿತರ ದೋಣಿಯಲ್ಲಿ ಹೋಗಿ ಹೋಗಿ ಚೆನ್ನಾಗಿಯೇ ಕಲಿತಿದ್ದಾರೆ. ಈಗ 38 ಅಡಿಯ ಹಳೇ ಹಾಯಿದೋಣಿ ಒಂದು ಮಾರಾಟಕ್ಕೆ ಬಂದಿದೆ. ಅದನ್ನು ಕೊಂಡು, ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ, ಮನೆ ಬಾಡಿಗೆಗೆ ಕೊಟ್ಟು, ಈ ನವೆಂಬರ್‌ನಲ್ಲೇ ಹೊರಡೋಣ ಅನ್ನುತ್ತಾರೆ. ಮೊದಲು ಬಹಾಮಾಸ್, ಅಲ್ಲಿಂದ ಒಂದೊಂದೇ ದ್ವೀಪ ಹಾದು ಗ್ರೆನಡಾವರೆಗೆ.

ಹೋದ ಶನಿವಾರ ದೋಣಿ ನೋಡೋಕೆ ಹೋಗಿದ್ದೆವು. ಮಗ ಹಿಂದುಗಡೆ ಇರುವ ಗೂಡಿನಂಥ ಹಾಸಿಗೆಗೆ ತೆವಳಿಕೊಂಡು ಹೋದವನು ಹೊರಗೆ ಬರಲೇ ಇಲ್ಲ, ಇಲ್ಲೇ ಮಲಗುತ್ತೇನೆ ಅಂದ. ನಾನು ಅಡುಗೆ ಜಾಗದಲ್ಲಿ ನಿಂತು ಎರಡೂ ಕೈ ಚಾಚಿದೆ. ಒಂದು ಕೈಗೆ ಐಸ್ ಬಾಕ್ಸ್ ಸಿಕ್ಕಿತು, ಇನ್ನೊಂದಕ್ಕೆ ಗ್ಯಾಸ್ ಒಲೆ. ಒಲೆ ಮುಟ್ಟಿದ ಕೂಡಲೇ ತೊಟ್ಟಿಲಿನ ಹಾಗೆ ತೂಗಿತು. ದೋಣಿ ವಾಲಿದರೂ ಪಾತ್ರೆ ನೆಟ್ಟಗೆ ನಿಲ್ಲಲಿ ಅಂತ ಹಾಗೆ ಕೂರಿಸಿರುತ್ತಾರಂತೆ. ಒಲೆಯೇ ತೂಗುತ್ತದೆ ಅಂದರೆ ದೋಣಿ ಎಷ್ಟು ವಾಲಬೇಡ ಅಂತ ನನಗೆ ಹೊಟ್ಟೆಯೊಳಗೆ ಹೇಗೋ ಆಯಿತು.

ನನಗೆ ಈಜು ಅಷ್ಟಾಗಿ ಬರಲ್ಲ. ಅತ್ತೆ ಫೋನಿನಲ್ಲಿ ಅಳುತ್ತಾರೆ, ಮೊಮ್ಮಕ್ಕಳನ್ನು ನೀರಿನ ಮೇಲೆ ಇಟ್ಟುಕೊಂಡು ಹೇಗೆ ನಿದ್ದೆ ಮಾಡುತ್ತೀರಿ ಅಂತ. ಆದರೆ ಸುಳ್ಳು ಯಾಕೆ ಹೇಳಲಿ, ನನಗೂ ಆಸೆ ಇದೆ. ಇವರು ಮನೆಗೆ ಬರೋದು ಏಳೂವರೆಗೆ, ಮಕ್ಕಳು ಮಲಗೋದು ಎಂಟೂವರೆಗೆ. ಇದೇ ಥರ ಇನ್ನು ಒಂಬತ್ತು ವರ್ಷ ಕಳೆದರೆ ಮಗಳು ಕಾಲೇಜಿಗೆ ಹೊರಟೇ ಹೋಗುತ್ತಾಳೆ.

ಹಾಗಾಗಿ ಕೇಳುತ್ತಿದ್ದೇನೆ. ಐದು ವರ್ಷದ ಹುಡುಗ ನೀರಿಗೆ ಬೀಳದ ಹಾಗೆ ಹೇಗೆ ನೋಡಿಕೊಳ್ಳುತ್ತೀರಿ? ಓದಿಗೆ ಏನು ಮಾಡಿದಿರಿ? ನಾವು ಶುದ್ಧ ಸಸ್ಯಾಹಾರಿಗಳು, ಊಟ ನಡೆಯುತ್ತದಾ? ನಾಲ್ಕು ಜನ ಇಪ್ಪತ್ತನಾಲ್ಕು ಗಂಟೆ ಅಷ್ಟು ಜಾಗದಲ್ಲಿ ಜಗಳ ಇಲ್ಲದೆ ಇರೋದು ಸಾಧ್ಯವಾ?

ಹಾಯಿಮನೆ

ತುಂಗಾತೀರ ಅವರೇ, ನಾವು ಹೋಗಿ ಬಂದವರು. ಊರು ಶಿರಸಿ, ಹೊರಡುವಾಗ ಇದ್ದದ್ದು ನಾರ್ತ್ ಕೆರೊಲಿನಾದಲ್ಲಿ. ಹತ್ತೊಂಬತ್ತು ತಿಂಗಳು 40 ಅಡಿ ದೋಣಿಯಲ್ಲಿ ಇದ್ದೆವು. ಹೊರಟಾಗ ಮಗಳಿಗೆ 10, ಮಗನಿಗೆ 7. ನಿಮ್ಮ ಎಲ್ಲ ಪ್ರಶ್ನೆಗೂ ಬರುತ್ತೇನೆ, ಅದಕ್ಕಿಂತ ಮೊದಲು ನಾನೊಂದು ಕೇಳುತ್ತೇನೆ. ನಿಮಗೆ ದೋಣಿ ನಡೆಸೋಕೆ ಬರುತ್ತದಾ? ಯಜಮಾನರು ಕಲಿತಿದ್ದಾರೆ ಅಂತ ಬರೆದಿದ್ದೀರಿ. ನಿಮ್ಮ ಬಗ್ಗೆ ಏನೂ ಬರೆದಿಲ್ಲ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಮೊದಲ ಮೂರು ತಿಂಗಳು ನಾನೂ ಹಾಗೇ ಇದ್ದೆ. ಅಡುಗೆ, ಮಕ್ಕಳ ಪಾಠ, ಬಟ್ಟೆ ನನ್ನದು. ಹಾಯಿ, ಎಂಜಿನ್, ಲಂಗರು ಅವರದು. ಆಗ ಬಹಾಮಾಸ್‌ನ ಎಕ್ಸೂಮಾ ದ್ವೀಪಗಳಲ್ಲಿ ಇದ್ದೆವು. ಅಲ್ಲಿ ಗಾಳಿ ಜಾಸ್ತಿ ಪೂರ್ವದಿಂದ ಬೀಸುತ್ತದೆ, ಹಾಗಾಗಿ ಎಲ್ಲರೂ ದ್ವೀಪದ ಪಶ್ಚಿಮದ ಮಗ್ಗುಲಿನಲ್ಲಿ ಮರೆಗೆ ಲಂಗರು ಹಾಕುತ್ತಾರೆ. ಆದರೆ ಚಳಿಗಾಲದಲ್ಲಿ ಅಮೆರಿಕದ ಕಡೆಯಿಂದ ಕೋಲ್ಡ್ ಫ್ರಂಟ್, ಅಂದರೆ ತಣ್ಣನೆ ಗಾಳಿಯ ಅಲೆ, ಬಂದಾಗ ಗಾಳಿ ಮೊದಲು ದಕ್ಷಿಣದಿಂದ, ಆಮೇಲೆ ಪಶ್ಚಿಮದಿಂದ, ಆಮೇಲೆ ಉತ್ತರದಿಂದ ಬೀಸುತ್ತದೆ. ಮರೆ ಅಂತ ಇದ್ದ ಜಾಗ ಒಂದೇ ರಾತ್ರಿಯಲ್ಲಿ ಬಯಲಾಗುತ್ತದೆ. ಫ್ರಂಟ್ ಮಾರನೇ ದಿನ ಸಂಜೆಗೆ ಅಂತ ಮುನ್ಸೂಚನೆ ಇತ್ತು. ಬೆಳಿಗ್ಗೆ ಜಾಗ ಬದಲಾಯಿಸೋಣ ಅಂದುಕೊಂಡು ಮಲಗಿದೆವು. ಅದು ಬಂದದ್ದು ನಡುರಾತ್ರಿ ಎರಡು ಗಂಟೆಗೆ.

ಲಂಗರು ಜಾರಿದರೆ ಕೂಗುವ ಅಲಾರಾಂ ಹೊಡೆದುಕೊಂಡಿತು. ನಮ್ಮವರು ಹಿಂದಿನ ದಿನ ನೀರಿನ ಕ್ಯಾನ್ ಎತ್ತುವಾಗ ಸೊಂಟ ಹಿಡಿದುಕೊಂಡು ಮಲಗಿದವರು, ಮಗ್ಗುಲು ಬದಲಾಯಿಸೋಕೂ ಆಗುತ್ತಿರಲಿಲ್ಲ. ಮೇಲೆ ಬಂದು ನೋಡಿದರೆ ಸಂಜೆ ನಮ್ಮ ಮುಂದೆ ಇದ್ದ ಬಂಡೆಯ ದಂಡೆ ಈಗ ಹಿಂದೆ ಇದೆ, ನಿಧಾನಕ್ಕೆ ಹತ್ತಿರ ಬರುತ್ತಿದೆ. ಮಳೆ ಬೇರೆ. ಅವರು ಕೆಳಗಿನಿಂದ ಕೂಗಿ ಹೇಳುತ್ತಿದ್ದಾರೆ, ಗಾಳಿಗೆ ಒಂದು ಅಕ್ಷರವೂ ಕೇಳುತ್ತಿಲ್ಲ. ನಾನು ಎಂಜಿನ್ ಶುರು ಮಾಡಿದೆ, ಅಷ್ಟು ಗೊತ್ತಿತ್ತು. ಮಗಳು ಲೈಫ್ ಜಾಕೆಟ್ ಹಾಕಿ, ಬೆಲ್ಟಿನ ಕೊಕ್ಕೆ ದೋಣಿಗೆ ಸಿಕ್ಕಿಸಿಕೊಂಡು, ಟಾರ್ಚ್ ಹಿಡಿದು ಮುಂದಿನ ತುದಿಗೆ ಹೋದಳು. ಅಪ್ಪ ದಿನಾ ಲಂಗರು ಎತ್ತುವಾಗ ಪಕ್ಕದಲ್ಲಿ ನಿಂತು ನೋಡಿದ್ದಳು. ಸರಪಳಿ ಯಾವ ಕಡೆ ಹೋಗುತ್ತಿದೆಯೋ ಆ ಕಡೆಗೆ ಟಾರ್ಚ್ ತೋರಿಸುತ್ತಾಳೆ, ನಾನು ಆ ಕಡೆಗೆ ದೋಣಿ ತಿರುಗಿಸುತ್ತೇನೆ, ಅವಳು ಕಾಲಲ್ಲಿ ಸ್ವಿಚ್ ಒತ್ತಿ ಒಂದಿಷ್ಟು ಸರಪಳಿ ಮೇಲೆ ಎಳೆಯುತ್ತಾಳೆ. ಹತ್ತು ವರ್ಷದ ಹುಡುಗಿ. ಲಂಗರು ಎದ್ದ ಮೇಲೆ ಬೆಳಗಾಗುವವರೆಗೂ ಆಳದ ನೀರಿನಲ್ಲಿ ಸುತ್ತು ಹಾಕುತ್ತಾ ಇದ್ದೆವು, ನಾನು ಚುಕ್ಕಾಣಿಯಲ್ಲಿ, ಅವಳು ನನ್ನ ಪಕ್ಕದಲ್ಲಿ ಕಂಬಳಿ ಹೊದ್ದುಕೊಂಡು.

ಮಾರನೇ ವಾರದಿಂದ ಎಲ್ಲ ಕೆಲಸವನ್ನೂ ಅದಲು ಬದಲು ಮಾಡಿಕೊಂಡೆವು. ಒಂದು ದಿನ ನಾನು ಕ್ಯಾಪ್ಟನ್, ಒಂದು ದಿನ ಅವರು. ನೀವು ಕೇಳಿದಿರಲ್ಲ, ಜಗಳ ಇಲ್ಲದೆ ಇರೋದು ಸಾಧ್ಯವಾ ಅಂತ, ನಮ್ಮ ಜಗಳ ಮುಕ್ಕಾಲು ಭಾಗ ನಿಂತದ್ದು ಆವತ್ತಿನಿಂದ. ಮೊದಲು ಗಾಳಿ ಏರಿದಾಗೆಲ್ಲ ನಾನು ಅವರ ಮುಖ ನೋಡುತ್ತಿದ್ದೆ. ಅವರ ಹುಬ್ಬು ಗಂಟಾದರೆ ನನಗೆ ಭಯ, ನನ್ನ ಭಯ ನೋಡಿ ಅವರಿಗೆ ಸಿಟ್ಟು. ನನಗೇ ಗಾಳಿ ನೋಡಿ ಹಾಯಿ ಎಷ್ಟು ಇಳಿಸಬೇಕು ಅಂತ ಗೊತ್ತಾದ ಮೇಲೆ ಭಯ ಹೋಯಿತು ಅನ್ನಲ್ಲ, ಕೆಲಸವಾಗಿ ಬದಲಾಯಿತು.

ಇನ್ನು ಊಟ. ಚಿಂತೆ ಬೇಡ, ನಮ್ಮ ಅಡುಗೆಯಷ್ಟು ದೋಣಿಗೆ ಹೊಂದುವ ಅಡುಗೆ ಇನ್ನೊಂದಿಲ್ಲ. ಪ್ರೆಶರ್ ಕುಕ್ಕರ್ ಮುಚ್ಚಳ ಭದ್ರ, ಅಲೆಗೆ ಉರುಳಿದರೂ ಸಾರು ಚೆಲ್ಲಲ್ಲ, ಗ್ಯಾಸೂ ಉಳಿಯುತ್ತದೆ. ರವೆ, ಅವಲಕ್ಕಿ, ಬೇಳೆ, ಹುಳಿಪುಡಿ, ಚಟ್ನಿಪುಡಿ ಮೂರು ತಿಂಗಳಿಗಾಗುವಷ್ಟು ತುಂಬಿಕೊಂಡಿದ್ದೆ. ರಟ್ಟಿನ ಡಬ್ಬ ಒಂದನ್ನೂ ದೋಣಿಗೆ ತರಬೇಡಿ, ಅದರ ಮಡಿಕೆಯಲ್ಲಿ ಜಿರಳೆ ಮೊಟ್ಟೆ ಬರುತ್ತದೆ. ಎಲ್ಲವನ್ನೂ ದಡದಲ್ಲೇ ಬಿಚ್ಚಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಸಮುದ್ರ ಏಳುತ್ತದೆ ಅಂತ ಗೊತ್ತಾದ ದಿನ ಮೊದಲೇ ಮೊಸರನ್ನ ಕಲಸಿ ಇಡುತ್ತಿದ್ದೆ, ಆಗ ಒಲೆ ಮುಂದೆ ನಿಲ್ಲೋದೇ ಬೇಡ. ದೋಸೆ ಹಿಟ್ಟು ರುಬ್ಬೋದು ಮಾತ್ರ ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ. ಆಗ ಸೋಲಾರ್‌ನಿಂದ ಪೂರ್ತಿ ಕರೆಂಟ್ ಬರುತ್ತಿರುತ್ತದೆ, ಮಿಕ್ಸಿ ಹಾಕಿದರೆ ಬ್ಯಾಟರಿಗೆ ಹೊರೆ ಆಗಲ್ಲ. ಹಿಟ್ಟಿನ ಪಾತ್ರೆ ಅರ್ಧ ಮಾತ್ರ ತುಂಬಿಸಿ ಸಿಂಕಿನೊಳಗೆ ಇಳಿಸಿ ಇಡಿ. ಆ ಸೆಕೆಗೆ ರಾತ್ರಿಯೊಳಗೆ ಉಕ್ಕಿ ಬರುತ್ತದೆ, ಉಕ್ಕಿದ್ದು ಸಿಂಕಿಗೇ ಹೋಗಲಿ. ಪಕ್ಕದ ದೋಣಿಗಳ ಮಕ್ಕಳೆಲ್ಲ ಭಾನುವಾರ ಬೆಳಿಗ್ಗೆ ಡಿಂಗಿಯಲ್ಲಿ, ಅಂದರೆ ದಡಕ್ಕೆ ಹೋಗಿ ಬರುವ ಪುಟ್ಟ ದೋಣಿಯಲ್ಲಿ, ದೋಸೆಗೆ ಬರುತ್ತಿದ್ದರು. ಗ್ರೆನಡಾ, ಟ್ರಿನಿಡಾಡ್ ಕಡೆ ಹೋದರೆ ನಮ್ಮ ದೇಶದಿಂದ ಹಿಂದೆ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ದಾಲ್ ಪುರಿ, ರೋಟಿ, ಕಡಲೆ ಪಲ್ಯ ರಸ್ತೆ ಬದಿಯಲ್ಲೇ ಸಿಗುತ್ತದೆ.

ನಿಮ್ಮ ಮಗನ ವಿಷಯ. ನಮ್ಮಲ್ಲಿ ಮೂರು ನಿಯಮ ಇತ್ತು, ವಾದಕ್ಕೆ ಅವಕಾಶ ಇರಲಿಲ್ಲ. ದೋಣಿ ಚಲಿಸುವಾಗ ಚುಕ್ಕಾಣಿ ಇರುವ ಜಾಗಕ್ಕೆ, ಅಂದರೆ ಕಾಕ್‌ಪಿಟ್‌ಗೆ ಕಾಲಿಡುವ ಮೊದಲೇ ಜಾಕೆಟ್ ಹಾಕಿ ಬೆಲ್ಟ್ ಸಿಕ್ಕಿಸಬೇಕು. ರಾತ್ರಿ ದೊಡ್ಡವರೂ ಒಬ್ಬರೇ ಕಾಕ್‌ಪಿಟ್ ಬಿಟ್ಟು ಮುಂದೆ ಹೋಗಬಾರದು, ಇನ್ನೊಬ್ಬರನ್ನು ಎಬ್ಬಿಸಿಯೇ ಹೋಗಬೇಕು. ಲಂಗರು ಹಾಕಿ ನಿಂತಾಗಲೂ ಹೇಳದೆ ಏಣಿ ಇಳಿಯಬಾರದು. ಸುತ್ತಲೂ ಇರುವ ತಂತಿ ಬೇಲಿಗೆ ಬಲೆ ಕಟ್ಟಿಸಿ. ಮಲಗುವಲ್ಲಿ ಪಕ್ಕಕ್ಕೆ ಬಟ್ಟೆಯ ತಡೆ ಕಟ್ಟಿದರೆ ದೋಣಿ ವಾಲಿದಾಗ ಮಗು ಉರುಳಿ ಬೀಳಲ್ಲ, ನಮ್ಮ ಮಗ ಅದರೊಳಗೆ ಮನೆಗಿಂತ ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ಮಲ್ಪೆ ಎಂಜಿನ್

ನಾನು ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್, ಇಪ್ಪತ್ತೆರಡು ವರ್ಷ ಆಯಿತು. ಸಂಸಾರ ಸಮೇತ ಹಾಯಿದೋಣಿಯಲ್ಲಿ ಇದ್ದವನಲ್ಲ, ಆದರೆ ರಜೆಯಲ್ಲಿ ಸ್ನೇಹಿತರ ದೋಣಿಗಳನ್ನು ಆ ಕಡೆ ಈ ಕಡೆ ಮುಟ್ಟಿಸಿಕೊಟ್ಟಿದ್ದೇನೆ. ಅಕ್ಕ ಮೇಲೆ ಬರೆದದ್ದಕ್ಕೆ ಎರಡು ಮಾತು ಸೇರಿಸಬೇಕು.

ಮೊದಲನೇದು ಗ್ಯಾಸ್. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ಕಿಟಕಿ ತೆಗೆದರೆ ಹೋಗುತ್ತದೆ. ದೋಣಿ ಅಂದರೆ ಒಂದು ಬಟ್ಟಲು, ಸೋರಿದ್ದೆಲ್ಲ ಕೆಳಗಿಳಿದು ತಳದಲ್ಲಿ ಕೂರುತ್ತದೆ. ಅಲ್ಲಿ ಪಂಪ್ ಇದೆ, ವೈರ್ ಇದೆ, ಒಂದು ಕಿಡಿ ಸಾಕು. ಸಿಲಿಂಡರ್ ಇಡುವ ಗೂಡಿನ ತಳದಿಂದ ನೇರ ಹೊರಗೆ ಸಮುದ್ರಕ್ಕೆ ತೂತು ಇರಬೇಕು, ಒಲೆ ಪಕ್ಕದಲ್ಲೇ ಬಂದ್ ಮಾಡುವ ಸ್ವಿಚ್ ಇರಬೇಕು, ತಳದಲ್ಲಿ ಗ್ಯಾಸ್ ಅಲಾರಾಂ ಇರಬೇಕು. ಹಳೇ ದೋಣಿ ಕೊಳ್ಳುವಾಗ ಜನ ಹಾಯಿ, ಬಣ್ಣ, ಹಾಸಿಗೆ ನೋಡುತ್ತಾರೆ, ಗ್ಯಾಸ್ ಪೈಪ್ ಯಾವ ವರ್ಷದ್ದು ಅಂತ ಯಾರೂ ನೋಡಲ್ಲ. ನೀವು ಕೈ ಚಾಚಿದಾಗ ಸಿಕ್ಕಿತಲ್ಲ ಆ ಒಲೆ, ಅದರ ಹಿಂದೆ ಬಗ್ಗಿ ನೋಡಿ. ಒಲೆ ತೂಗುವುದರಿಂದ ಅಲ್ಲಿನ ಪೈಪ್ ದಿನಾ ಬಾಗಿ ಬಾಗಿ ಬೇಗ ಸವೆಯುತ್ತದೆ.

ಎರಡನೇದು ದಾರಿ. ಗ್ರೆನಡಾ ಈ ವರ್ಷಕ್ಕೆ ಬೇಡ ಅನ್ನೋದು ನನ್ನ ಮಾತು. ನಕ್ಷೆಯಲ್ಲಿ ನೋಡಿದರೆ ದ್ವೀಪಗಳು ಮೆಟ್ಟಿಲಿನ ಹಾಗೆ ಕಾಣುತ್ತವೆ. ಆದರೆ ಬಹಾಮಾಸ್ ದಾಟಿದ ಮೇಲೆ ಡೊಮಿನಿಕನ್ ರಿಪಬ್ಲಿಕ್, ಪೋರ್ಟೊರಿಕೊ ಕಡೆ ಹೋಗಬೇಕೆಂದರೆ ಪೂರ್ವಕ್ಕೆ, ಅಂದರೆ ವಾಣಿಜ್ಯ ಮಾರುತಕ್ಕೆ ಎದುರಾಗಿ ಹೋಗಬೇಕು. ಆ ದಾರಿಗೆ ಅಲ್ಲಿಯವರು ಮುಳ್ಳಿನ ದಾರಿ ಅಂತಲೇ ಹೆಸರಿಟ್ಟಿದ್ದಾರೆ. ಗಾಳಿ ಸತ್ತಾಗ ಒಂದಿಷ್ಟು ಹೋಗೋದು, ಮತ್ತೆ ಎಲ್ಲಾದರೂ ಅವಿತು ವಾರಗಟ್ಟಲೆ ಕಾಯೋದು. ಐದು ವರ್ಷದ ಮಗುವಿಗೆ ವಾಂತಿ ಆಗುತ್ತಿರುವಾಗ ಅದು ಕಷ್ಟ. ಬಹಾಮಾಸ್ ಒಂದರಲ್ಲೇ ಏಳುನೂರು ದ್ವೀಪ ಇವೆ, ನೀರು ತಿಳಿ, ಒಂದು ದ್ವೀಪದಿಂದ ಇನ್ನೊಂದಕ್ಕೆ ಹಗಲಿನಲ್ಲೇ ಮುಟ್ಟಬಹುದು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಅದು ಶುರುವಾಗುವ ಮೊದಲೇ ವಾಪಸ್ ಬಂದು ಉತ್ತರಕ್ಕೆ ಚೆಸಪೀಕ್ ಕೊಲ್ಲಿ ಕಡೆ ಹೋಗಿಬಿಡಿ. ಗ್ರೆನಡಾ ತುಂಬ ದಕ್ಷಿಣಕ್ಕಿದೆ, ಅಲ್ಲಿಗೆ ಚಂಡಮಾರುತ ಬರೋದು ಕಡಿಮೆ ಅಂತ ನೂರಾರು ದೋಣಿ ಹೋಗುತ್ತವೆ, ನಿಜ. ಆದರೂ 2004ರಲ್ಲಿ ಐವನ್ ಬಂತು. 2024ರ ಜುಲೈ 1ಕ್ಕೆ ಬೆರಿಲ್ ಬಂದು ಗ್ರೆನಡಾಕ್ಕೇ ಸೇರಿದ ಕ್ಯಾರಿಯಕೂ ದ್ವೀಪವನ್ನು ನೆಲಸಮ ಮಾಡಿತು.

ಟ್ಯಾಂಪಾದಿಂದ ಹೊರಟರೆ ಫ್ಲೋರಿಡಾದ ದಕ್ಷಿಣ ತುದಿಯ ಕೀಸ್ ದ್ವೀಪಗಳನ್ನು ಸುತ್ತಿ ಗಲ್ಫ್ ಸ್ಟ್ರೀಮ್ ದಾಟಬೇಕು. ಅದು ಸಮುದ್ರದೊಳಗೆ ಉತ್ತರಕ್ಕೆ ಹರಿಯುವ ನದಿ ಇದ್ದ ಹಾಗೆ. ಗಾಳಿಯಲ್ಲಿ ಉತ್ತರದ ಅಂಶ ಸ್ವಲ್ಪ ಇದ್ದರೂ ದಾಟಬೇಡಿ, ಹರಿವಿಗೆ ಎದುರು ಗಾಳಿ ಬಿದ್ದರೆ ಅಲೆ ಗೋಡೆಯ ಹಾಗೆ ನಿಲ್ಲುತ್ತದೆ. ಮೈಯಾಮಿಯಿಂದ ಬಹಾಮಾಸ್‌ನ ಬಿಮಿನಿಗೆ ಬರೀ 45 ನಾಟಿಕಲ್ ಮೈಲಿ ಆಸುಪಾಸು, ಆದರೆ ಅದಕ್ಕಾಗಿ ಎರಡು ವಾರ ಕಾದವರಿದ್ದಾರೆ.

ದಾವಣಗೆರೆ ಬೆಣ್ಣೆ

ನಮ್ಮದು ನಾಲ್ಕು ತಿಂಗಳಿಗೆ ಮುಗಿಯಿತು. ಅದನ್ನೂ ಯಾರಾದರೂ ಹೇಳಬೇಕು ಅಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

ತಪ್ಪು ನನ್ನದು. ಅಪ್ಪ ಅಮ್ಮ ಊರಿನಿಂದ ಬರುವವರಿದ್ದರು, ವಿಮಾನ ಇಳಿಯೋದು ಬಹಾಮಾಸ್‌ನ ಜಾರ್ಜ್‌ಟೌನ್‌ನಲ್ಲಿ ಅಂತ ಎರಡು ತಿಂಗಳ ಮೊದಲೇ ಟಿಕೆಟ್ ಮಾಡಿದ್ದೆ. ಆ ವಾರ ಗಾಳಿ ಕೆಟ್ಟದಾಗಿತ್ತು. ಹೆಂಡತಿ ಬೇಡ ಅಂದಳು, ಎರಡು ದಿನ ಕಾಯೋಣ ಅಂದಳು. ಅವರು ಗೊತ್ತಿಲ್ಲದ ಊರಿನಲ್ಲಿ ಬಂದು ನಿಲ್ಲುತ್ತಾರೆ, ಹೋಗಲೇಬೇಕು ಅಂತ ನಾನು ಹಟ ಹಿಡಿದೆ. ಮೂವತ್ತು ಗಂಟೆ ಆಯಿತು. ಅವಳು ಬಕೆಟ್ ಬಿಟ್ಟು ಏಳಲಿಲ್ಲ. ಆರು ವರ್ಷದ ಮಗ ಅವಳ ಬೆನ್ನು ಸವರುತ್ತಾ ಕೂತಿದ್ದ, ಅಳಲೂ ಇಲ್ಲ, ಮಾತೂ ಆಡಲಿಲ್ಲ. ಅಪ್ಪ ಅಮ್ಮನನ್ನು ಸರಿಯಾದ ಸಮಯಕ್ಕೆ ಕರೆದುಕೊಂಡೆವು. ಆದರೆ ಅದಾದ ಮೇಲೆ ಹವಾಮಾನ ಚೆನ್ನಾಗಿದೆ ಅಂತ ನಾನು ಹೇಳಿದರೆ ಅವಳು ನಂಬುತ್ತಿರಲಿಲ್ಲ. ಮಗನೂ ಅಮ್ಮನ ಮುಖ ನೋಡಿಯೇ ಮೇಲೆ ಬರುತ್ತಿದ್ದ. ದೋಣಿ ಮಾರಿದೆವು.

ಹಾಯಿಮನೆ ಅವರು ಬರೆದದ್ದು ಓದಿ ತುಂಬ ಯೋಚನೆ ಆಯಿತು. ನನ್ನ ಹೆಂಡತಿಗೂ ಗಾಳಿ ಓದೋಕೆ ಬಂದಿದ್ದರೆ, ಬೇಡ ಅಂದ ಮಾತಿಗೆ ನಾನೂ ತೂಕ ಕೊಡುತ್ತಿದ್ದೆ. ನೀವು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಇಬ್ಬರಲ್ಲಿ ಒಬ್ಬರು ಬೇಡ ಅಂದರೆ ದೋಣಿ ಹೊರಡಬಾರದು, ಕಾರಣವನ್ನೂ ಕೇಳಬಾರದು. ಬಂಧುಗಳು ಬರುವವರಿದ್ದರೆ ದಿನಾಂಕ ಮಾತ್ರ ಕೊಡಿ, ಯಾವ ಊರು ಅಂತ ಕೊನೇ ವಾರ ಹೇಳಿ.

ಇನ್ನೊಂದು ವಿಷಯ. ಗ್ರೀನ್ ಕಾರ್ಡ್‌ನಲ್ಲಿ ಇದ್ದರೆ ಹುಷಾರು. ಒಂದು ವರ್ಷಕ್ಕಿಂತ ಜಾಸ್ತಿ ಅಮೆರಿಕದ ಹೊರಗೆ ಇರುವ ಹಾಗಿದ್ದರೆ ರೀಎಂಟ್ರಿ ಪರ್ಮಿಟ್ ಬೇಕು, ಅರ್ಜಿ ಹಾಕೋದು ಇಲ್ಲಿ ಇರುವಾಗಲೇ. ಆರು ತಿಂಗಳು ಮೀರಿದರೂ ಮುಂದೆ ಸಿಟಿಜನ್‌ಶಿಪ್ ಅರ್ಜಿಗೆ ತೊಡಕು ಬರಬಹುದು. ಓದಿನ ವಿಷಯದಲ್ಲಿ ಫ್ಲೋರಿಡಾ ಸುಲಭ. ಹೋಂಸ್ಕೂಲಿಂಗ್ ಶುರು ಮಾಡಿದ 30 ದಿನದೊಳಗೆ ಕೌಂಟಿಯ ಶಿಕ್ಷಣ ಕಚೇರಿಗೆ ಬರೆದು ಕೊಡಬೇಕು, ಮಕ್ಕಳು ಮಾಡಿದ ಕೆಲಸ ಜೋಡಿಸಿ ಇಡಬೇಕು, ವರ್ಷಕ್ಕೊಮ್ಮೆ ಮೌಲ್ಯಮಾಪನ ಮಾಡಿಸಬೇಕು.

ನೀರುಹಕ್ಕಿ

ನಾನು ದೋಣಿಯಲ್ಲಿ ಬೆಳೆದ ಮಗು :) ಈಗ 19. ಎಂಟರಿಂದ ಹನ್ನೊಂದು ವರ್ಷದವರೆಗೆ ಇದ್ದೆ. ನಾವು ಆಕ್ಲೆಂಡ್‌ನವರು, ಅಪ್ಪ ಹಾಸನದವರು. ಮೇ ತಿಂಗಳಲ್ಲಿ ನ್ಯೂಜಿಲೆಂಡ್‌ನಿಂದ ಟೋಂಗಾ, ಫಿಜಿ ಕಡೆ ಹೋಗೋದು, ಸೈಕ್ಲೋನ್ ಕಾಲ ಶುರುವಾಗುವ ಮೊದಲು ನವೆಂಬರ್ ಹೊತ್ತಿಗೆ ವಾಪಸ್ ಬರೋದು.

ಆಂಟಿ, ದೊಡ್ಡವರು ಬಿಡುವ ಒಂದು ವಿಷಯ ಹೇಳುತ್ತೇನೆ. ಮಕ್ಕಳಿಗೆ ಸಮುದ್ರದ ಭಯ ಅಷ್ಟಿರಲ್ಲ. ಬೇಜಾರು ಆಗೋದು ಸ್ನೇಹಿತರು ಹೊರಟುಹೋದಾಗ. ಎರಡು ವಾರ ಬೆಳಗಿನಿಂದ ರಾತ್ರಿವರೆಗೆ ಜೊತೆಗೆ ಆಡಿರುತ್ತೇವೆ, ಒಂದು ದಿನ ಗಾಳಿ ಸರಿಯಾಗಿದೆ ಅಂತ ಅವರ ದೋಣಿ ಹೊರಡುತ್ತದೆ. ವಿಎಚ್ಎಫ್ ರೇಡಿಯೋದಲ್ಲಿ ಅವರ ಧ್ವನಿ ಗೊರಗೊರ ಆಗಿ ಕೇಳದೇ ಆಗುವವರೆಗೂ ಹಿಡಿದುಕೊಂಡು ಕೂತಿರುತ್ತಿದ್ದೆ. ನಿಮ್ಮ ಮಗಳಿಗೆ 9 ಅಲ್ವಾ, ಅವಳಿಗೆ ಇದು ಆಗುತ್ತದೆ. ಬೇರೆ ಮಕ್ಕಳಿರುವ ದೋಣಿ ಸಿಕ್ಕರೆ ನಿಮ್ಮ ಪ್ಲಾನ್ ಬದಲಾಯಿಸಿಯಾದರೂ ಅವರ ಜೊತೆ ಒಂದಿಷ್ಟು ದಿನ ಹೋಗಿ.

ನನಗೆ ಇಷ್ಟವಾಗಿದ್ದು ರಾತ್ರಿ ಕಾವಲು. ಎಂಟರಿಂದ ಹತ್ತು ಅಮ್ಮನ ಪಾಳಿ, ನಾನು ಜೊತೆಗೆ. ಮೇಲೆ ಏನೂ ಕೆಲಸ ಇರಲ್ಲ, ಹದಿನೈದು ನಿಮಿಷಕ್ಕೊಮ್ಮೆ ಎದ್ದು ಸುತ್ತ ಹಡಗಿನ ದೀಪ ಇದೆಯಾ ಅಂತ ನೋಡೋದು, ಮತ್ತೆ ಕೂರೋದು. ನೀರು ಕಲಕಿದ ಕಡೆಯೆಲ್ಲ ಹಸಿರು ಬೆಳಕು ಮಿನುಗುತ್ತಿತ್ತು. ಅಮ್ಮ ಅವರ ಊರಿನ ಕಥೆ ಹೇಳುತ್ತಿದ್ದರು, ಅಜ್ಜಿ ಮನೆ ಹಿತ್ತಲಿನಲ್ಲಿ ಯಾವ ಮರ ಎಲ್ಲಿತ್ತು ಅಂತ ನನಗೆ ಇವತ್ತಿಗೂ ಗೊತ್ತು. ನಾನು ಕನ್ನಡ ಕಲಿತದ್ದು ಅಲ್ಲಿ. ಆಕ್ಲೆಂಡ್ ಮನೆಯಲ್ಲಿ ಇದ್ದಿದ್ದರೆ ಇದನ್ನು ಬರೆಯೋಕೆ ಬರುತ್ತಿರಲಿಲ್ಲ.

ಹಾಂ, ನ್ಯೂಜಿಲೆಂಡ್‌ಗೆ ಬಂದು ಮುಟ್ಟಿದ ಕೂಡಲೇ ಅಧಿಕಾರಿಗಳು ಬಂದು ಹಸಿ ತರಕಾರಿ, ಹಣ್ಣು, ಜೇನುತುಪ್ಪ ಎಲ್ಲ ತೆಗೆದುಕೊಂಡು ಹೋಗುತ್ತಾರೆ. ಹಾಗಾಗಿ ಹಿಂದಿನ ರಾತ್ರಿ ಅಮ್ಮ ಉಳಿದ ಎಲ್ಲ ತರಕಾರಿ ಹಾಕಿ ದೊಡ್ಡ ಪಾತ್ರೆ ತುಂಬ ಬಿಸಿಬೇಳೆಬಾತ್ ಮಾಡುತ್ತಿದ್ದರು. ದಡ ಕಾಣಿಸಿತು ಅಂದರೆ ನನಗೆ ಈಗಲೂ ಆ ವಾಸನೆಯೇ ನೆನಪಾಗೋದು.

ತುಂಗಾತೀರ

ಎಲ್ಲರಿಗೂ ತುಂಬ ತುಂಬ ಧನ್ಯವಾದ. ರಾತ್ರಿ ಇಬ್ಬರೂ ಕೂತು ಒಂದೊಂದನ್ನೂ ಓದಿದೆವು. ಬೆಣ್ಣೆ ಅವರು ಬರೆದದ್ದನ್ನು ಓದಿ ಇವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಅವರೇ ಹೇಳಿದರು, ಈ ನವೆಂಬರ್ ಬೇಡ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣ, ಅದೂ ಬರೀ ಬಹಾಮಾಸ್. ಅಷ್ಟರಲ್ಲಿ ನಾನು ಕಲಿಯಬೇಕು. ಇಲ್ಲೇ ಹತ್ತಿರದಲ್ಲಿ ಸೈಲಿಂಗ್ ಶಾಲೆಯಲ್ಲಿ ಮೊದಲ ಹಂತದ ಕೋರ್ಸ್ ಇದೆ, ಮುಂದಿನ ತಿಂಗಳ ಬ್ಯಾಚ್‌ಗೆ ಸೇರಿದೆ. ಇವರ ಜೊತೆ ಅಲ್ಲ, ಒಬ್ಬಳೇ, ಇವರು ಪಕ್ಕದಲ್ಲಿದ್ದರೆ ನಾನು ಹಗ್ಗ ಅವರ ಕೈಗೇ ಕೊಟ್ಟುಬಿಡುತ್ತೇನೆ. ಈಜು ಕ್ಲಾಸಿಗೆ ಮಗನ ಜೊತೆ ನಾನೂ ಹೋಗುತ್ತಿದ್ದೇನೆ. ದೋಣಿ ಮಾರುವವರಿಗೆ ಗ್ಯಾಸ್ ಪೈಪ್ ಎಷ್ಟು ವರ್ಷದ್ದು ಅಂತ ಕೇಳಿದೆವು. ಅವರಿಗೂ ಗೊತ್ತಿಲ್ಲವಂತೆ, ಬದಲಾಯಿಸಿದ ನೆನಪಿಲ್ಲವಂತೆ.

ಹಾಯಿಮನೆ ಅವರೇ, ಒಂದೇ ಒಂದು ಪ್ರಶ್ನೆ. ಕುಕ್ಕರ್ ಇಂಡಿಯಾದ್ದೇ ತಗೊಂಡು ಹೋದಿರಾ, ಇಲ್ಲಿಯದ್ದಾ? ಎಷ್ಟು ಲೀಟರ್?

ಹಾಯಿಮನೆ

ಊರಿನದೇ, ಎರಡು. ಒಂದು 3 ಲೀಟರ್, ಒಂದು 5. ಸ್ಟೀಲಿನದು ತಗೊಳ್ಳಿ, ಅಲ್ಯೂಮಿನಿಯಂ ಉಪ್ಪು ಗಾಳಿಗೆ ಕಪ್ಪಾಗಿ ತೂತು ಬೀಳುತ್ತದೆ. ಕೊಳ್ಳುವ ಮೊದಲು ಒಲೆಯ ಸುತ್ತ ಇರುವ ಕಂಬಿಯೊಳಗೆ ಎರಡೂ ಒಟ್ಟಿಗೆ ಕೂರುತ್ತವಾ ಅಂತ ಅಳತೆ ತೆಗೆದುಕೊಳ್ಳಿ. ಗ್ಯಾಸ್ಕೆಟ್ ನಾಲ್ಕು ನಾಲ್ಕು ಇರಲಿ, ಸೇಫ್ಟಿ ವಾಲ್ವ್ ಎರಡೆರಡು. ನಮ್ಮದು ಒಂದು ದ್ವೀಪದಲ್ಲಿ ಕಿತ್ತುಹೋಗಿ ಊರಿನಿಂದ ಬರುವವರೆಗೆ ಏಳು ವಾರ ಬೇಳೆ ಬೇಯಿಸೋಕೆ ಒದ್ದಾಡಿದ್ದೇನೆ.